ಪುನರ್ಪುಳಿಯ ಪಾನಕ

ಮಳೆಗಾಲ ಕಾಲಿಡುವ ಹೊತ್ತಿಗೇ ಕಾಸರಗೋಡು ಸೀಮೆಯ ತೋಟಗಳಲ್ಲಿ ಪುನರ್ಪುಳಿ ಹಣ್ಣಾಗಿ ಉದುರುತ್ತದೆ. ಒಣಗಿಸೋಣವೆಂದರೆ ಬಿಸಿಲಿಲ್ಲ, ನಾಲ್ಕು ಮಳೆ ಬಿದ್ದರೆ ಹಣ್ಣೆಲ್ಲ ಮರದಡಿಯಲ್ಲೇ ಕೊಳೆತುಹೋಗುವುದು. ಅದೇ ಮನೆಗೆ ಪೇಟೆಯಿಂದ ಬಣ್ಣದ ನೀರಿನ ಬಾಟ್ಲಿ ಬರುವುದೂ ಉಂಟು!

ಹಸಿ ಹಣ್ಣಿನ ಪಾನಕಕ್ಕೆ ಕಾಲು ಗಂಟೆ ಸಾಕು. ನಾಲ್ಕು ಲೋಟ ನೀರಿಗೆ 6 ಹಣ್ಣು. ತೊಳೆದು ಒಡೆದು, ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಮಿಕ್ಸಿಯಲ್ಲಿ ಅರೆದು ಸೋಸಬೇಕು. ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿದರಾಯಿತು. ದಪ್ಪಗೆ ಬೇಕೆನ್ನುವವರು ತೆಂಗಿನ ಹಾಲು ಬೆರೆಸಲಿ. ಮಕ್ಕಳು ಆ ಗುಲಾಬಿ ಬಣ್ಣಕ್ಕೇ ಮರುಳಾಗುತ್ತಾರೆ. ಇದರ ಹುಳಿ ಬಲವಾದುದು, ತಾಮ್ರ, ಅಲ್ಯುಮಿನಿಯಂ ಪಾತ್ರೆ ಬೇಡ.

ಉಳಿದ ಸಿಪ್ಪೆಯನ್ನು ಗಾಜಿನ ಭರಣಿಯಲ್ಲಿ ಎರಡರಷ್ಟು ತೂಕದ ಸಕ್ಕರೆಯೊಡನೆ ಪದರ ಪದರವಾಗಿ ತುಂಬಿ, ದಿನವೂ ಒಣ ಸೌಟಿನಿಂದ ಕಲಕಿದರೆ ವಾರದಲ್ಲಿ ರಸ ಬಿಡುತ್ತದೆ. ಅದನ್ನು ಸೋಸಿಟ್ಟು ಬೇಕಾದಾಗ ನೀರು ಬೆರೆಸಿ ಕುಡಿಯಬಹುದು.

ಬೀಜ ಎಸೆಯಬಾರದು. ಅದರಿಂದ ತೆಗೆಯುವ ತುಪ್ಪ ಒಡೆದ ಹಿಮ್ಮಡಿಗೆ ಹಳೆಯ ಮದ್ದು. ಆದರೆ ಬೀಜವನ್ನೇ ನೆಟ್ಟು ಹಣ್ಣಿಗೆ ಕಾಯುವವರು ತಿಳಿದಿರಲಿ: ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗಿ, ಹಣ್ಣನ್ನೇ ಕೊಡುವುದಿಲ್ಲ. ಹೆಣ್ಣು ಮರದ ಕಸಿಗಿಡವನ್ನೇ ಕೇಳಿ ತರಬೇಕು.