ಅಮರ್ಜೆಯ ಬೆನ್ನು ಹಿಡಿದು ಭೀಮೆಯ ದಡಕ್ಕೆ

ನೀರು ನೋಡಲು ಕಲಬುರಗಿ ಜಿಲ್ಲೆಗೆ ಹೊರಟಿದ್ದೇವೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಬಿಸಿಲು, ತೊಗರಿ, ಬರ ಎಂಬ ಮೂರು ಮಾತಿನಲ್ಲಿ ಈ ಜಿಲ್ಲೆಯ ಪರಿಚಯ ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಆದರೆ ಮಳೆಗಾಲ ಮುಗಿದು ಬಿಳಿಜೋಳ ಮೊಳಕಾಲೆತ್ತರ ಬಂದ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಸುತ್ತಿ ಬಂದವರು ಬೇರೆಯದೇ ಮಾತಾಡುತ್ತಾರೆ. ಎರೆ ಭೂಮಿಯ ಕಪ್ಪು, ಹೂ ಬಿಟ್ಟ ತೊಗರಿಯ ಹಳದಿ, ಅದರ ನಡುವೆ ಕಣ್ಣಳತೆಯಾಚೆಗೆ ಹರಡಿದ ನೀರು. ಗುಡ್ಡ ಕಾಡುಗಳ ಮರೆ ಇಲ್ಲದ ಬಯಲಾದ್ದರಿಂದ ಆಕಾಶವಷ್ಟೂ ನೀರಿಗಿಳಿದಿರುತ್ತದೆ. ಇಂಥ ನೋಟ ಮಲೆನಾಡಿನ ಕೆರೆಗಳಲ್ಲಿ ಸಿಗುವುದಿಲ್ಲ.

ತಿರುಗಾಟಕ್ಕೆ ಒಂದು ದಾರಿ ಬೇಕೆಂದರೆ ಅಮರ್ಜಾ ನದಿಯ ಬೆನ್ನು ಹಿಡಿಯುವುದು ಒಳ್ಳೆಯದು. ಆಳಂದ ತಾಲ್ಲೂಕಿನಲ್ಲೇ ಹುಟ್ಟಿ, ಪಕ್ಕದ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಗೆ ಸೇರಿಬಿಡುವ ಪುಟ್ಟ ನದಿ ಇದು. ಒಂದು ನದಿಯ ಬಾಳನ್ನೆಲ್ಲ ಒಂದು ಹಗಲಿನಲ್ಲಿ ನೋಡಿ ಮುಗಿಸುವ ಭಾಗ್ಯ ಎಲ್ಲ ಕಡೆ ಒದಗುವುದಿಲ್ಲ.

ಆಳಂದದ ಕಡೆಯಿಂದ ಕೋರಳ್ಳಿಗೆ ಹೋದರೆ ಅಮರ್ಜಾ ಅಣೆಕಟ್ಟೆ ಸಿಗುತ್ತದೆ. ಜಲಾಶಯದ ಸಾಮರ್ಥ್ಯ ಸುಮಾರು ಒಂದೂವರೆ ಟಿಎಂಸಿ ಅಡಿ. ಆಲಮಟ್ಟಿ, ತುಂಗಭದ್ರೆಗಳನ್ನು ನೋಡಿದ ಕಣ್ಣಿಗೆ ಇದು ಚಿಕ್ಕದು. ಆಳಂದ ಪಟ್ಟಣ ಕುಡಿಯುವುದು ಈ ನೀರನ್ನೇ, ಕಾಲುವೆಯ ಕೆಳಗಿನ ಹೊಲಗಳಿಗೂ ಇದೇ ಆಸರೆ. ಮಣ್ಣಿನ ಏರಿಯ ಒಳಮೈಗೆ ಒತ್ತಾಗಿ ಹೊದಿಸಿದ ಕರಿಕಲ್ಲುಗಳ ಮೇಲೆ ನೀರು ಇಳಿದಿಳಿದು ಹೋದ ಗುರುತುಗಳು ಗೆರೆ ಗೆರೆಯಾಗಿ ಉಳಿದಿರುತ್ತವೆ. ಈ ವರ್ಷ ಎಷ್ಟು ನೀರು ಬಂದಿತ್ತು, ಎಷ್ಟು ಖರ್ಚಾಯಿತು ಎಂಬುದನ್ನು ಆ ಗೆರೆಗಳಲ್ಲೇ ಓದಬಹುದು. ದೂರದ ದಡದಲ್ಲಿ ನೀರು ಹಿಂದೆ ಸರಿದ ಜಾಗ ಕೆಸರಾಗಿ, ಆಮೇಲೆ ಬಿರುಕು ಬಿಟ್ಟ ನೆಲವಾಗಿ, ಅದರಾಚೆ ಹಸಿರು ಹುಲ್ಲಾಗಿ ಮೂರು ಪಟ್ಟೆಗಳಲ್ಲಿ ಕಾಣುತ್ತದೆ. ಹುಲ್ಲಿನ ಪಟ್ಟೆಯಲ್ಲಿ ಎಮ್ಮೆಗಳು, ಕೆಸರಿನ ಪಟ್ಟೆಯಲ್ಲಿ ಬೆಳ್ಳಕ್ಕಿಗಳು. ನೀರಿನಲ್ಲಿ ನಿಂತ ಒಣಜಾಲಿಯ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಮೈ ಒಣಗಿಸಿಕೊಳ್ಳುತ್ತವೆ. ಮಳೆ ಕೈಕೊಟ್ಟ ವರ್ಷ ಇದೇ ಜಲಾಶಯದ ತಳ ಕಾಣುತ್ತದೆ. ಅದಕ್ಕೇ ತುಂಬಿದ ವರ್ಷ ಸುತ್ತಲ ಹಳ್ಳಿಯವರು ಮಕ್ಕಳನ್ನು ಕಟ್ಟಿಕೊಂಡು ನೀರು ನೋಡಲು ಬರುತ್ತಾರೆ. ಇಲ್ಲಿ ನೀರು ನೋಡುವುದು ನಿಜಕ್ಕೂ ಒಂದು ಹಬ್ಬ.

ಆಳಂದದಲ್ಲಿ ಲಾಡ್ಲೆ ಮಶಾಯಿಕರ ದರ್ಗಾ ಇದೆ. ಅದನ್ನು ನೋಡಿಕೊಂಡು ಕಲಬುರಗಿ ರಸ್ತೆ ಹಿಡಿದರೆ ಕಡಗಂಚಿ ಸಿಗುತ್ತದೆ. 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಈಗ ಎಲ್ಲರಿಗೂ ಗೊತ್ತಾಗಿರುವ ಊರು. ಮರಾಠಿಯಲ್ಲಿ ‘ಗುರುಚರಿತ್ರೆ’ ಬರೆದ ಸರಸ್ವತಿ ಗಂಗಾಧರರು ಇಲ್ಲಿಯವರೆಂದು ಭಕ್ತರು ನಂಬುತ್ತಾರೆ. ಆ ಗ್ರಂಥದ ನಾಯಕರಾದ ನರಸಿಂಹ ಸರಸ್ವತಿಗಳು ನೆಲೆಸಿದ್ದ ಗಾಣಗಾಪುರಕ್ಕೆ ಹೊರಟವರು ಕಡಗಂಚಿಯಲ್ಲಿ ಇಳಿದು ಕೈಮುಗಿದು ಮುಂದೆ ಹೋಗುವುದು ಇದೇ ಕಾರಣಕ್ಕೆ.

ಗಾಣಗಾಪುರದ ಸಂಗಮ ಊರಾಚೆ ಇದೆ. ಔದುಂಬರ ವೃಕ್ಷ, ಅದರಡಿ ಗುರುಚರಿತ್ರೆಯ ಪಾರಾಯಣಕ್ಕೆ ಕುಳಿತವರು, ಕೆಳಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಎರಡು ನದಿ. ಭೀಮೆ ಮಹಾರಾಷ್ಟ್ರದ ಭೀಮಾಶಂಕರದಿಂದ ಇಲ್ಲಿಗೆ ಹರಿದು ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿರುತ್ತಾಳೆ. ಅಮರ್ಜೆ ಆಗಷ್ಟೇ ಮನೆಯಿಂದ ಹೊರಟವಳು. ಮಳೆಗಾಲದ ಕೊನೆಗೆ ಎರಡರ ನೀರಿನ ಬಣ್ಣ ಒಂದೇ ಆಗಿರುವುದಿಲ್ಲ, ಸ್ವಲ್ಪ ದೂರ ಅಕ್ಕಪಕ್ಕದಲ್ಲೇ ಹರಿದು ಆಮೇಲೆ ಬೆರೆಯುತ್ತವೆ. ಅದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಮಧ್ಯಾಹ್ನ ಊರೊಳಗೆ ನಿರ್ಗುಣ ಮಠದ ಸುತ್ತಲಿನ ಓಣಿಗಳಲ್ಲಿ ಮಾಧುಕರಿ ನಡೆಯುತ್ತದೆ. ಹತ್ತು ಮನೆಯ ಅನ್ನವಿದ್ದವರೂ ಇಲ್ಲಿ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ದತ್ತಾತ್ರೇಯ ಯಾವುದೋ ವೇಷದಲ್ಲಿ ಈ ಹೊತ್ತಿಗೆ ಇಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ. ಹಾಗಾಗಿ ಬೇಡುವವರಿಗೂ ನಾಚಿಕೆಯಿಲ್ಲ, ನೀಡುವವರಿಗೂ ಗರ್ವವಿಲ್ಲ. ರೊಟ್ಟಿ, ಅನ್ನ, ಒಂದು ಸೌಟು ಸಾರು. ಇಷ್ಟು ದೊಡ್ಡ ಯಾತ್ರಾಸ್ಥಳದಲ್ಲಿ ಇಷ್ಟು ಸರಳವಾದ ಊಟ ಉಳಿದುಕೊಂಡಿದೆ ಎಂಬುದು ನನಗೆ ತುಂಬ ದೊಡ್ಡ ಸಂಗತಿ.

ಅಲ್ಲಿಂದ ಭೀಮೆಯ ದಡ ಹಿಡಿದರೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿ. ಅಮಾವಾಸ್ಯೆ, ಹುಣ್ಣಿಮೆಗೆ ದಡದ ತುಂಬ ಜನ. ಇನ್ನೂ ಮೇಲಕ್ಕೆ ಸಾಗಿದರೆ ಸೊನ್ನದ ಬ್ಯಾರೇಜ್. ಜೇವರ್ಗಿ ತಾಲ್ಲೂಕಿನಲ್ಲೂ ಒಂದು ಸೊನ್ನ ಇದೆ, ಮಠಕ್ಕೆ ಹೆಸರಾದ ಊರು. ಬ್ಯಾರೇಜ್ ಇರುವುದು ಅಫಜಲಪುರದ ಸೊನ್ನದಲ್ಲಿ. ದಾರಿ ಕೇಳುವಾಗ ತಾಲ್ಲೂಕಿನ ಹೆಸರನ್ನೂ ಸೇರಿಸಿ ಕೇಳಿ. ಭೀಮಾ ಏತ ನೀರಾವರಿಗಾಗಿ ಕಟ್ಟಿದ ಈ ಬ್ಯಾರೇಜಿನಲ್ಲಿ 3.166 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ನದಿ ಇಲ್ಲಿ ಹರಿಯುವುದನ್ನು ಮರೆತು ಕೆರೆಯಾಗುತ್ತದೆ. ಈಚೆ ದಡದಲ್ಲಿ ಅಫಜಲಪುರದ ಕಬ್ಬು, ಆಚೆ ದಡ ವಿಜಯಪುರ ಜಿಲ್ಲೆ. ಬೆಳಗಿನ ಜಾವ ಹಿನ್ನೀರಿನಲ್ಲಿ ಬಲೆ ಬಿಡಿಸುವ ಅಂಬಿಗರ ತೆಪ್ಪಗಳ ಹೊರತು ಬೇರೆ ಅಲುಗಾಟ ಇರುವುದಿಲ್ಲ.

ಇದೇ ನೀರಿಗೆ ಇನ್ನೊಂದು ಮುಖವೂ ಇದೆ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯ ತುಂಬಿ ಬಾಗಿಲು ತೆರೆದರೆ ಇಲ್ಲಿ ‘ಹೊಳಿ ಬಂತು’ ಎಂದು ಹಳ್ಳಿ ಹಳ್ಳಿಗೆ ಸುದ್ದಿ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಸೊನ್ನದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಹೊರಬಿದ್ದು ದಡದ ಹಳ್ಳಿಗಳೂ ಹೊಲಗಳೂ ಮುಳುಗಿದವು. ಅಂಥ ದಿನಗಳಲ್ಲಿ ಗಾಣಗಾಪುರದ ಸಂಗಮ, ಘತ್ತರಗಿಯ ಸೇತುವೆ ಕಣ್ಣಿಗೆ ಕಾಣುವುದಿಲ್ಲ. ನಾಲ್ಕೈದು ತಿಂಗಳು ಕಳೆದು ಬೇಸಿಗೆ ಬಂದರೆ ಅದೇ ಜನ ಉಜನಿಯಿಂದ ಒಂದಿಷ್ಟು ನೀರು ಬಿಡಿಸಿ ಎಂದು ಬೇಡಬೇಕು. ಆದ್ದರಿಂದ ಭೀಮೆಯನ್ನು ನೋಡಲು ಹೋಗುವವರು ಹೊರಡುವ ಮುನ್ನ ಜಿಲ್ಲಾಡಳಿತದ ಪ್ರವಾಹದ ಎಚ್ಚರಿಕೆಯನ್ನು ನೋಡಿಕೊಳ್ಳಲೇಬೇಕು.

ಜೇವರ್ಗಿಯಲ್ಲಿ ನೆಲದ ಗುಣವೇ ಬದಲಾಗುತ್ತದೆ. ಆಳಂದದ ಮನೆಗಳಿಗೆ ಕರಿಕಲ್ಲು, ಇಲ್ಲಿಯವಕ್ಕೆ ಪದರು ಪದರಾಗಿ ಏಳುವ ಸುಣ್ಣಕಲ್ಲಿನ ಪರ್ಸಿ. ತಾಲ್ಲೂಕಿನ ಒಂದು ಅಂಚಿಗೆ ಭೀಮೆ, ಇನ್ನೊಂದು ದಿಕ್ಕಿನಿಂದ ನಾರಾಯಣಪುರ ಎಡದಂಡೆಯ ಶಾಖಾ ಕಾಲುವೆಯಲ್ಲಿ ಕೃಷ್ಣೆ. ಎರಡು ನದಿಯ ನೀರು ಕಂಡ ತಾಲ್ಲೂಕು ಇದು. ಕಲಬುರಗಿ ರಸ್ತೆಯ ಕಟ್ಟಿ ಸಂಗಾವಿ ಸೇತುವೆಯ ಹತ್ತಿರ ಸಂಜೆ ನಿಂತರೆ ಭೀಮೆಯ ಅಗಲ ಪೂರ್ತಿ ಕಾಣುತ್ತದೆ. ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯೂ ಹಳೆಯ ಜೇವರ್ಗಿ ತಾಲ್ಲೂಕಿನದೇ. ಹೊಲ ಕಾಯಲು ಹೋದ ಶರಣರು ಹಕ್ಕಿಗಳನ್ನು ಓಡಿಸದೆ, ತಿನ್ನಲು ತೆನೆ ಬಿಟ್ಟು ಕುಡಿಯಲು ನೀರಿಟ್ಟ ಕಥೆ ಈ ಸೀಮೆಯ ಮನೆ ಮನೆಯಲ್ಲಿದೆ. ನೀರಿನ ಬೆಲೆ ಗೊತ್ತಿರುವ ಸೀಮೆಗೆ ಮಾತ್ರ ಇಂಥ ಕಥೆ ಹುಟ್ಟುತ್ತದೆ.

ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಹೋಗಿ. ಏಪ್ರಿಲ್, ಮೇ ತಿಂಗಳಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಾಧ್ಯವಾದರೆ ಎಳ್ಳಮಾವಾಸ್ಯೆಗೆ ಹೊಂದಿಸಿಕೊಳ್ಳಿ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ ಗಿಡದ ನೆರಳಲ್ಲಿ ಕುಳಿತವರು ದಾರಿಯಲ್ಲಿ ಹೋಗುವವರನ್ನೂ ಕರೆದು ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಬಡಿಸುತ್ತಾರೆ. ರೈಲಿನಲ್ಲಿ ಬರುವವರು ಕಲಬುರಗಿ–ಸೊಲ್ಲಾಪುರ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಉಳಿದುಕೊಳ್ಳಲು ಗಾಣಗಾಪುರವೇ ಅನುಕೂಲ. ಜಲಾಶಯಗಳಿಗೆ ಸ್ವಂತ ವಾಹನ ಬೇಕು, ಕುಡಿಯುವ ನೀರು, ಬುತ್ತಿ ಜತೆಗಿರಲಿ.

ಜಿಲ್ಲಾಡಳಿತಕ್ಕೂ ಒಂದು ಮಾತು. ಅಮರ್ಜಾ ಏರಿಯಲ್ಲೂ ಸೊನ್ನದ ಹಿನ್ನೀರಿನಲ್ಲೂ ರೆಸಾರ್ಟ್, ಕಾರಂಜಿ ಯಾವುದೂ ಬೇಡ. ನಾಲ್ಕು ಬೇವಿನ ಗಿಡ, ಶೌಚಾಲಯ, ಆಳದ ಗುರುತು ತೋರಿಸುವ ಫಲಕಗಳು, ಸಂಗಮದಲ್ಲಿ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಸಾಕಷ್ಟು ಕೋಣೆ, ಇಷ್ಟಿದ್ದರೆ ಸಾಕು. ಇನ್ನು ಯಾತ್ರಿಕರಿಗೆ: ಮಿಂದ ಮೇಲೆ ಒದ್ದೆ ಬಟ್ಟೆಯನ್ನು ಹೊಳೆಯಲ್ಲಿ ಬಿಡಬೇಡಿ, ಮನೆಗೆ ಒಯ್ಯಿರಿ. ಕೆಳಗಿನ ಊರುಗಳು ಕುಡಿಯುವುದು ಇದೇ ನೀರನ್ನು.