ಕೈಗಾದ ಬ್ಯಾಟರಿಗೂ ನಮ್ಮನೆ ಯುಪಿಎಸ್‌ಗೂ ಒಂದೇ ಲೆಕ್ಕ

ಮೊನ್ನೆ ಸಂಜೆ ಶ್ರೀಗಂಧದ ಕಾವಲ್‌ನ ನಮ್ಮ ಮನೆಯಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಇದೆಯಲ್ಲ ಅಂತ ಆರಾಮಾಗಿ ಕೂತಿದ್ದೆ. ಒಂದೂವರೆ ಗಂಟೆಗೆ ಅದೂ ಕೈಕೊಟ್ಟಿತು.

ಬ್ಯಾಟರಿ ತಂದಾಗ ನಾನೇ ಲೆಕ್ಕ ಹಾಕಿದ್ದೆ. 12 ವೋಲ್ಟ್, 150 ಆಂಪಿಯರ್ ಅವರ್. ಗುಣಿಸಿದ್ರೆ 1,800 ವ್ಯಾಟ್ ಅವರ್. ಮೂರು ಫ್ಯಾನು, ಐದು ಲೈಟು, ಒಂದು ಟಿವಿ ಸೇರಿ 360 ವ್ಯಾಟ್. ಅಂದ್ರೆ ಐದು ಗಂಟೆ ಬರಬೇಕು! ಎಂಜಿನಿಯರಿಂಗ್ ಓದಿದವನ ಲೆಕ್ಕ ನೋಡಿ.

ಎಲೆಕ್ಟ್ರಿಷಿಯನ್ ಬಂದವರು ಒಂದೇ ಪ್ರಶ್ನೆ ಕೇಳಿದರು: "ಸಾರ್, ಆವಾಗ ಏನೇನಿತ್ತು, ಈಗ ಏನೇನಿದೆ?" ಈಗ ಇನ್ನೊಂದು ಫ್ಯಾನು, ಕಂಪ್ಯೂಟರ್, ವೈಫೈ ಸೇರಿ 650 ವ್ಯಾಟ್ ಆಗಿದೆ. ಬ್ಯಾಟರಿಗೆ ನಾಲ್ಕು ವರ್ಷ ವಯಸ್ಸಾಗಿದೆ. ಲೆಕ್ಕ ಮಾತ್ರ ಹಳೇದು!

ನಮ್ಮನೆಯಲ್ಲಿ ಕತ್ತಲೆ ಅಂದ್ರೆ ಸೊಳ್ಳೆ ಕಾಟ, ಅಷ್ಟೇ. ಇದೇ ಲೆಕ್ಕ ಉತ್ತರ ಕನ್ನಡದ ಕೈಗಾದಲ್ಲಿ ತಪ್ಪಿದ್ರೆ?

ಕಾಳಿ ನದಿ ದಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್‌ಗಳಿವೆ. ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ಹೆಮ್ಮೆಯ ವಿಷಯವೇ. ಆದರೆ ರಿಯಾಕ್ಟರ್ ನಿಲ್ಲಿಸಿದ ತಕ್ಷಣ ಶಾಖ ನಿಲ್ಲೋದಿಲ್ಲ. ಆ ಕ್ಷಣದಲ್ಲೂ ಸುಮಾರು ಶೇ 6ರಷ್ಟು ಉಳಿದಿರುತ್ತೆ. ತಂಪು ಮಾಡ್ತಾನೇ ಇರಬೇಕು.

ಅದಕ್ಕೇ ಇಂಥ ಸ್ಥಾವರಗಳಲ್ಲಿ ವಿದ್ಯುತ್ತಿಗೆ ನಾಲ್ಕು ದರ್ಜೆ. ನಾಲ್ಕನೇದು ಹೊರಗಿನ ಗ್ರಿಡ್. ಅದು ಹೋದ್ರೆ ಮೂರನೇದು, ಡೀಸೆಲ್ ಜನರೇಟರ್. ಎರಡನೇದು ಯುಪಿಎಸ್ ಥರದ್ದು, ಒಂದು ಕ್ಷಣವೂ ತಪ್ಪದ ಎಸಿ. ಎಲ್ಲಕ್ಕಿಂತ ಮೇಲಿನ ಒಂದನೇ ದರ್ಜೆ ಯಾವುದು ಗೊತ್ತಾ? ಬ್ಯಾಟರಿ! ಕಂಟ್ರೋಲ್ ರೂಮಿನ ಮೀಟರ್‌ಗಳಿಗೂ, ಡೀಸೆಲ್ ಜನರೇಟರನ್ನು ಲೈನಿಗೆ ಜೋಡಿಸೋ ಬ್ರೇಕರ್‌ಗೂ ಅದೇ ಜೀವ.

ಇದರ ಲೆಕ್ಕ ನಮ್ಮನೆಯಷ್ಟು ಸುಲಭ ಅಲ್ಲ. ಯಾವ ನಿಮಿಷದಲ್ಲಿ ಎಷ್ಟು ಕರೆಂಟ್ ಬೇಕು ಅಂತ ಪಟ್ಟಿ ಆಗಬೇಕು. ಚಳಿಗೆ ಬ್ಯಾಟರಿಯ ಸಾಮರ್ಥ್ಯ ಇಳಿಯುತ್ತೆ, ಸೆಖೆಗೆ ಆಯಸ್ಸು ಇಳಿಯುತ್ತೆ, ಉದ್ದದ ಕೇಬಲ್‌ನಲ್ಲಿ ವೋಲ್ಟೇಜ್ ಬೀಳುತ್ತೆ. ಸಾಮರ್ಥ್ಯ ಶೇ 80ಕ್ಕೆ ಇಳಿದ್ರೆ ಬ್ಯಾಟರಿ ಬದಲಿಸಬೇಕು ಅನ್ನೋದು ರೂಢಿ. ಹಾಗಾಗಿ 100 ಬೇಕಿದ್ದ ಕಡೆ ಮೊದಲೇ 125 ಹಾಕಿರಬೇಕು. ಅದರ ಮೇಲೆ ಮುಂದೆ ಸೇರೋ ಉಪಕರಣಗಳಿಗೂ ಜಾಗ ಇರಬೇಕು. ವರ್ಷಗಳು ಕಳೆದಂತೆ ಒಂದೊಂದೇ ಹೊಸ ಯಂತ್ರ ಸೇರುತ್ತೆ. ಒಂದೊಂದೂ ಚಿಕ್ಕದೇ. ಎಲ್ಲ ಕೂಡಿದಾಗ?

ಉತ್ತರ ಪ್ರದೇಶದ ನರೋರಾ ಸ್ಥಾವರ ಕೈಗಾದ ಅಣ್ಣನಿದ್ದ ಹಾಗೆ, ಅದೇ ಭಾರಜಲದ ಜಾತಿ. 1993ರ ಮಾರ್ಚ್ 31ರಂದು ಅಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿತು. ಬ್ಯಾಟರಿ ಇತ್ತು, ಆದರೆ ಕೇಬಲ್‌ಗಳೇ ಸುಟ್ಟುಹೋದವು. 17 ಗಂಟೆ ಸ್ಥಾವರಕ್ಕೆ ವಿದ್ಯುತ್ತೇ ಇಲ್ಲ! ಸಿಬ್ಬಂದಿ ಟಾರ್ಚ್ ಹಿಡಿದು ಓಡಾಡಿದರು, ಡೀಸೆಲ್ ಎಂಜಿನ್ನಿನ ಅಗ್ನಿಶಾಮಕ ಪಂಪುಗಳಿಂದ ನೀರು ಹರಿಸಿ ಕಾಪಾಡಿದರು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿ ನೀರು ಜನರೇಟರ್‌ಗಳ ಜೊತೆ ಬ್ಯಾಟರಿಗಳಿಗೂ ನುಗ್ಗಿತು. ಮೀಟರ್ ಓದಲು ಸಿಬ್ಬಂದಿ ಕಾರುಗಳ ಬ್ಯಾಟರಿ ಕಿತ್ತು ತಂದರು!

ಕೈಗಾದಲ್ಲಿ ಲೆಕ್ಕ ತಪ್ಪಿದೆ ಅಂತ ನಾನು ಹೇಳ್ತಿಲ್ಲ. ಫುಕುಶಿಮಾ ನಂತರ ನಮ್ಮ ಎಲ್ಲ ಸ್ಥಾವರಗಳ ಪರಿಶೀಲನೆ ನಡೆದಿದೆ. ಹತ್ತು ವರ್ಷಕ್ಕೊಮ್ಮೆ ಸಮಗ್ರ ಸುರಕ್ಷತಾ ಪರಿಶೀಲನೆಯ ನಿಯಮವೂ ಇದೆ. ಆದರೆ ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದ್ದು 2000ದಲ್ಲಿ. ಈಗ ತಲಾ 700 ಮೆಗಾವ್ಯಾಟ್‌ನ ಐದು, ಆರನೇ ಘಟಕಗಳು ಬರ್ತಿವೆ. ಅಣುಶಕ್ತಿ ಬೇಕೋ ಬೇಡವೋ ಅನ್ನೋ ಚರ್ಚೆ ಇರಲಿ. ಇರೋ ಸ್ಥಾವರದ ಬ್ಯಾಟರಿ ಲೆಕ್ಕ ಕೊನೇ ಸಲ ಹಾಕಿದ್ದು ಯಾವಾಗ, ಪರೀಕ್ಷೆಯಲ್ಲಿ ಎಷ್ಟು ಹೊತ್ತು ಬಂತು? ಕಾರವಾರ, ಯಲ್ಲಾಪುರದ ಜನ ಇಷ್ಟನ್ನು ಕೇಳಿದ್ರೆ ಅದು ವಿರೋಧ ಅಲ್ಲ, ಹಕ್ಕು. ಉತ್ತರ ಅವರಿಗೆ ಅರ್ಥವಾಗೋ ಕನ್ನಡದಲ್ಲೇ ಸಿಗಬೇಕು.