ಉತ್ಸವದ ಮಳಿಗೆಯಲ್ಲಿ ಕಾಣದ ಬಿದ್ರಿ

ಬೀದರ್ ಉತ್ಸವ ನಡೆಯುವುದು ಕೋಟೆಯೊಳಗೆ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದು ಕಟ್ಟಿಸಿದ ಕೋಟೆ ಅದು. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಕಂದಕ ದಾಟಿ, ದೊಡ್ಡ ದರವಾಜೆಗಳನ್ನು ಹಾದು ಒಳಗೆ ಹೋಗಬೇಕು. ಕೆಲವು ವರ್ಷ ನಿಂತಿದ್ದ ಉತ್ಸವ 2023ರ ಜನವರಿಯಲ್ಲಿ ಮತ್ತೆ ಮೂರು ದಿನ ನಡೆಯಿತು. ಇಂಥ ದಿನಗಳಲ್ಲಿ ಭಾಲ್ಕಿ, ಔರಾದ್ ಕಡೆಯಿಂದ ಬಸ್ಸು, ಜೀಪು, ಬೈಕು ಹತ್ತಿ ಬಂದವರು ಸಂಜೆಯ ಹಾಡು-ಕುಣಿತ ಶುರುವಾಗುವವರೆಗೆ ಮಳಿಗೆಗಳ ಸಾಲಿನಲ್ಲಿ ಅಡ್ಡಾಡುತ್ತಾರೆ. ಅಲ್ಲಿ ಬಿದ್ರಿಯ ಮಳಿಗೆ ಇದ್ದರೆ ಅದರ ಮುಂದೆ ಗುಂಪು ಕಟ್ಟದೆ ಇರುವುದಿಲ್ಲ.

ಗುಂಪು ನೋಡುವುದು ಇಷ್ಟನ್ನು: ಒಂದು ಸಣ್ಣ ಒಲೆ, ಪಕ್ಕದಲ್ಲಿ ಕದಡಿದ ಮಣ್ಣುನೀರಿನ ಬಟ್ಟಲು, ಕುಶಲಕರ್ಮಿಯ ಕೈಯಲ್ಲಿ ಮಾಸಲು ಬೂದುಬಣ್ಣದ ಒಂದು ಪುಟ್ಟ ಹೂದಾನಿ. ಬೂದು ಲೋಹದ ಮೇಲೆ ಬೆಳ್ಳಿಯ ಕುಸುರಿ ಇದೆಯಾದರೂ ಎರಡರ ಬಣ್ಣವೂ ಹತ್ತಿರಹತ್ತಿರ. ಬಳ್ಳಿ ಯಾವುದು, ಬಯಲು ಯಾವುದು ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಅವರು ಹೂದಾನಿಯನ್ನು ಬೆಚ್ಚಗೆ ಮಾಡಿ ಮಣ್ಣಿನ ರಾಡಿಯನ್ನು ಮೈತುಂಬ ತಿಕ್ಕುತ್ತಾರೆ, ನೀರಿನಲ್ಲಿ ತೊಳೆಯುತ್ತಾರೆ. ಲೋಹವೆಲ್ಲ ಕಾಡಿಗೆಯ ಕಪ್ಪಾಗಿದೆ. ಬೆಳ್ಳಿಗೆ ಏನೂ ಆಗಿಲ್ಲ. "ಇದು ಪೇಂಟ್ ಏನ್ರಿ?" ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಪೇಂಟ್ ಅಲ್ರಿ, ಕಿಲ್ಲಾದ ಮಣ್ಣು" ಎಂಬುದು ಉತ್ತರ.

ಉತ್ತರ ಸರಿಯೇ. ಆದರೆ ನಿಮಿಷದೊಳಗೆ ಮುಗಿಯುವ ಈ ಕಪ್ಪಾಗುವಿಕೆ ಬಿದ್ರಿಯ ಕೊನೆಯ ಹಂತಗಳಲ್ಲಿ ಒಂದು ಮಾತ್ರ. ಅದಕ್ಕಿಂತ ಮೊದಲು ಹಲವರ ಕೈಯಲ್ಲಿ ದಿನಗಟ್ಟಲೆ ನಡೆದ ಕೆಲಸವನ್ನು ಉತ್ಸವದ ಮಳಿಗೆಯಲ್ಲಿ ತೋರಿಸಲು ಸಮಯವೂ ಇಲ್ಲ, ಜಾಗವೂ ಇಲ್ಲ. ಅದನ್ನು ಮೊದಲಿನಿಂದ ನೋಡೋಣ.

ಬಿದ್ರಿಯ ಮೂಲ ಲೋಹ ಸತು. ಅದಕ್ಕೆ ಸ್ವಲ್ಪ ತಾಮ್ರ ಸೇರುತ್ತದೆ: ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಕೇಳಲು ಸುಲಭವಾದ ಲೆಕ್ಕ. ಆದರೆ ಈ ಎರಡು ಲೋಹಗಳ ಸ್ವಭಾವ ಒಂದಕ್ಕೊಂದು ಹೊಂದುವುದಿಲ್ಲ. ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಾಮ್ರ ಕರಗಲು 1,085 ಡಿಗ್ರಿ ಬೇಕು. ಅಷ್ಟು ಕಾಯಿಸುವ ಹೊತ್ತಿಗೆ ಸತು ಉಳಿದಿರುವುದಿಲ್ಲ, 907 ಡಿಗ್ರಿಯಲ್ಲೇ ಕುದಿದು ಬಿಳಿ ಹೊಗೆಯಾಗಿ ಹೋಗುತ್ತದೆ. ಹೀಗಾಗಿ ತಾಮ್ರವನ್ನು ಬೇರೆಯಾಗಿ ಕರಗಿಸುವ ಗೋಜಿಗೆ ಹೋಗದೆ, ಕರಗಿದ ಸತುವಿನಲ್ಲಿ ಅದು ಕರಗಿ ಬೆರೆಯುವಂತೆ ಮೂಸೆಯ ಶಾಖವನ್ನು ಹದದಲ್ಲಿ ಹಿಡಿಯಬೇಕು. ಬೆಂಕಿಯ ಬಣ್ಣ, ಹೊಗೆಯ ಬಣ್ಣ ನೋಡಿಯೇ ಆ ಹದ ತಿಳಿಯುವವರು ಇದ್ದಾರೆ.

ಸತು ಇಷ್ಟು ಹಟಮಾರಿ ಲೋಹವಾದ್ದರಿಂದಲೇ ಜಗತ್ತಿನ ಬಹುಪಾಲು ಜನರಿಗೆ ಅದು ಬಹುಕಾಲ ಕೈಗೆ ಸಿಗಲಿಲ್ಲ. ಅದಿರನ್ನು ಕಾಯಿಸಿದರೆ ಸತು ಆವಿಯಾಗಿ ಬರುತ್ತದೆ. ಆ ಆವಿಯನ್ನು ಗಾಳಿ ತಾಗದಂತೆ ತಣಿಸಿ ಹಿಡಿಯಬೇಕು. ರಾಜಸ್ಥಾನದ ಜಾವರ್‌ನಲ್ಲಿ ಈ ವಿದ್ಯೆ ಮಧ್ಯಯುಗದಲ್ಲೇ ದೊಡ್ಡ ಪ್ರಮಾಣದಲ್ಲಿ ಬಳಕೆಯಲ್ಲಿತ್ತು. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಇದಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಅಷ್ಟು ಹೊತ್ತಿಗೆ ಬಿದ್ರಿಯ ಹುಕ್ಕಾ ಬುಡಗಳು ದಖ್ಖನಿನ ದರಬಾರುಗಳಲ್ಲಿ ಹಳೆಯ ಮಾತಾಗಿದ್ದವು.

ಎರಕಕ್ಕೆ ಅಚ್ಚು ಬೇಕು. ನುಣುಪಾಗಿ ಜರಡಿ ಹಿಡಿದ ಕೆಂಪು ಮಣ್ಣಿಗೆ ಔಡಲೆಣ್ಣೆ ಮತ್ತು ರಾಳ ಬೆರೆಸಿ ಹದ ಮಾಡುತ್ತಾರೆ. ಹಿಡಿಯಲ್ಲಿ ಒತ್ತಿದರೆ ಬೆರಳ ಗುರುತು ನಿಲ್ಲಬೇಕು, ಆದರೆ ಕೈಗೆ ಅಂಟಬಾರದು. ಮಾದರಿಯನ್ನು ಈ ಮಣ್ಣಿನ ಎರಡು ಪಾಲುಗಳ ನಡುವೆ ಇಟ್ಟು ಅದುಮಿ, ಮೆಲ್ಲಗೆ ತೆಗೆದು, ಅದು ಬಿಟ್ಟುಹೋದ ಟೊಳ್ಳಿಗೆ ಲೋಹ ಸುರಿಯುತ್ತಾರೆ. ಹೂಜಿ, ಹೂದಾನಿಯಂಥ ಟೊಳ್ಳು ವಸ್ತುವಾದರೆ ಒಳಗೊಂದು ಮಣ್ಣಿನ ತಿರುಳನ್ನೂ ಕೂರಿಸಬೇಕು. ತಣಿದ ಮೇಲೆ ಹೊರಬರುವ ವಸ್ತುವಿನಲ್ಲಿ ಚೆಲುವೇನೂ ಕಾಣದು. ಮೈ ಒರಟು, ಅಂಚು ಹರಕು, ಬಣ್ಣ ಸೀಸದಂತೆ ಮಂಕು. ಅರ ಹಾಕಿ ಉಜ್ಜಿ, ಮೈಯಲ್ಲಿ ಉಬ್ಬುತಗ್ಗು ಉಳಿಯದಂತೆ ನಯ ಮಾಡುವುದೇ ಒಬ್ಬರ ಇಡೀ ಹೊತ್ತಿನ ಕೆಲಸ. ಈಗ ಮೋಟಾರು ಚಕ್ರಗಳು ಬಂದು ಇಲ್ಲಿ ಶ್ರಮ ತಗ್ಗಿದೆ. ಮುಂದಿನದಕ್ಕೆ ಯಂತ್ರ ಬಂದಿಲ್ಲ.

ನಯವಾದ ಬೂದು ಲೋಹದ ಮೇಲೆ ಗೆರೆ ಎಳೆದರೆ ಕಾಣುವುದಿಲ್ಲ. ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ರೈತರು ಸುಣ್ಣದೊಂದಿಗೆ ಬೆರೆಸಿ ಬೆಳೆಗೆ ಸಿಂಪಡಿಸುವ ಅದೇ ನೀಲಿ ಹರಳು. ಅದರಲ್ಲಿರುವ ತಾಮ್ರ ಸತುವಿನ ಮೈಮೇಲೆ ಸಣ್ಣ ಪುಡಿಯಾಗಿ ಕೂತು ಮೇಲ್ಮೈ ಕಪ್ಪಾಗುತ್ತದೆ. ಈ ಕಪ್ಪು ತಾತ್ಕಾಲಿಕ, ಮುಂದೆ ಉಜ್ಜಿದಾಗ ಹೋಗುವಂಥದ್ದು. ಸದ್ಯಕ್ಕೆ ಅದು ಹಲಗೆ, ಮೊನಚು ಕಡ್ಡಿಯೇ ಬಳಪ.

ಚಿತ್ರ ಬರೆಯುವವರು ಕಾಗದದ ಮೇಲಿಂದ ಪಡಿಯಚ್ಚು ಎತ್ತುವುದು ಅಪರೂಪ. ಕೈವಾರದಿಂದ ಒಂದೆರಡು ಸುತ್ತುಗೆರೆ ಹಾಕಿ ಹೂದಾನಿಯ ಮೈಯನ್ನು ಭಾಗ ಮಾಡಿಕೊಂಡರೆ ಆಯಿತು, ಉಳಿದದ್ದು ಕೈಯ ರೂಢಿ. ಸಮತಲದ ಮೇಲೆ ಬಳ್ಳಿ ಬರೆಯುವುದು ಬೇರೆ. ಹೊಟ್ಟೆ ಉಬ್ಬಿ ಕೊರಳು ಕಿರಿದಾದ ಹೂಜಿಯ ಮೇಲೆ ಬರೆಯುವುದು ಬೇರೆ. ಹೊಟ್ಟೆಯ ಮೇಲಿನ ಹೂವು ಕೊರಳ ಬಳಿ ಬರುವಾಗ ಕಿರಿದಾಗಬೇಕು, ಆದರೆ ದಳಗಳ ಲೆಕ್ಕ ತಪ್ಪಬಾರದು. ಸುತ್ತಿ ಬಂದ ಬಳ್ಳಿಯ ತುದಿ ಹೊರಟ ಜಾಗಕ್ಕೇ ಸರಿಯಾಗಿ ಬಂದು ಕೂಡಬೇಕು.

ಹಳೆಯ ಮಾದರಿಗಳಿಗೆ ಹೆಸರುಗಳಿವೆ. ನಾಣ್ಯದಂಥ ದುಂಡು ಹೂವುಗಳ ಸಾಲು ಅಶರ್ಫಿ ಬೂಟಿ. ಬಾಗಿದ ದಂಟಿನ ಗಸಗಸೆ ಗಿಡ ಮೊಗಲರ ಕಾಲದ ಬಿದ್ರಿಯಲ್ಲಿ ತುಂಬ ಕಾಣುತ್ತದೆ. ಬೀದರಿನಲ್ಲಿ ಕುಸುರಿಯ ಮಾದರಿಗೆ ದೂರ ಹೋಗಬೇಕಾಗಿಯೂ ಇಲ್ಲ. ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದ ಬಾಗಿಲ ಚೌಕಟ್ಟು ಇದೆ, ಬರೀದ್ ಶಾಹಿ ದೊರೆಗಳ ಕಾಲದ್ದು. ಕಪ್ಪಿನ ಮೇಲೆ ಬಿಳಿ ಹೊಳಪು ಎಂಬ ಬಿದ್ರಿಯ ಆಸೆಯೇ ಅಲ್ಲಿ ಕಲ್ಲಿನಲ್ಲಿ ನಿಂತಿದೆ. ಊರಾಚೆ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗುಮ್ಮಟವಿದೆ. ಅದರ ಒಳಮೈ ತುಂಬ ಕೆಂಪು, ಚಿನ್ನದ ಬಣ್ಣಗಳಲ್ಲಿ ಬಳ್ಳಿ ಮತ್ತು ಅಕ್ಷರಗಳ ಹೆಣಿಗೆ. ಹೋಳಿ ಕಳೆದ ಮೇಲೆ ಅಲ್ಲಿ ಜಾತ್ರೆ-ಉರುಸು ಕೂಡಿಯೇ ನಡೆಯುತ್ತದೆ. ಲಿಂಗಾಯತರಿಗೆ ಆತ ಅಲ್ಲಮಪ್ರಭು, ಮುಸ್ಲಿಮರಿಗೆ ವಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದು ಶಂಖ ಊದಿ ಪೂಜೆ ಸಲ್ಲಿಸುತ್ತಾರೆ. ಜಾತ್ರೆಗೆ ಹೋದವರು ಗದ್ದುಗೆಗೆ ಕೈಮುಗಿದು ಹಾಗೇ ಒಮ್ಮೆ ತಲೆಯೆತ್ತಿ ನೋಡಿದರೆ, ಬಿದ್ರಿಯವರ ಬಳ್ಳಿಗಳಿಗೆ ನೆಂಟರು ಎಲ್ಲಿದ್ದಾರೆಂದು ತಿಳಿಯುತ್ತದೆ.

ಈಗ ಕೆತ್ತನೆ. ವಸ್ತು ಅಲುಗಾಡದಂತೆ ಮೇಣ-ರಾಳದ ಮುದ್ದೆಯಲ್ಲಿ ಕೂರಿಸುತ್ತಾರೆ ಅಥವಾ ಇಕ್ಕಳದಲ್ಲಿ ಬಿಗಿಯುತ್ತಾರೆ. ಒಂದು ಕೈಯಲ್ಲಿ ಚಾಣ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ. ಚಾಣಗಳಿಗೆ ಇವರ ಮಾತಿನಲ್ಲಿ ಕಲಮು ಎಂದೇ ಹೆಸರು. ನೇರ ಗೆರೆಗೆ ಒಂದು, ತಿರುವಿಗೆ ಒಂದು, ಚುಕ್ಕೆಗೆ ಇನ್ನೊಂದು. ಬರೆದ ಗೆರೆಯ ಮೇಲೆ ಚಾಣ ಸಾಗಿದಂತೆ ನೇಗಿಲ ಸಾಲಿನ ಎರಡೂ ಬದಿಗೆ ಮಣ್ಣು ಏರುವ ಹಾಗೆ ಲೋಹದ ಸಣ್ಣ ದಡಗಳು ಏಳುತ್ತವೆ. ಇವನ್ನು ಕಸವೆಂದು ಉಜ್ಜಿ ತೆಗೆದರೆ ಕೆಲಸ ಕೆಟ್ಟಿತು. ಬೆಳ್ಳಿಯನ್ನು ಹಿಡಿದಿಡುವುದು ಅವೇ.

ಬೆಳ್ಳಿ ಅಪ್ಪಟವಾಗಿರಬೇಕು, ಯಾಕೆಂದರೆ ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ. ಅದನ್ನು ಉಕ್ಕಿನ ಪಟ್ಟಿಯ ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಮೂಲಕ ಎಳೆದೆಳೆದು ತಂತಿ ಮಾಡುತ್ತಾರೆ. ತಂತಿಯ ತುದಿಯನ್ನು ಗೀರಿನ ಬಾಯಿಗೆ ಇಟ್ಟು, ಬೆರಳಿನಿಂದ ಒತ್ತುತ್ತಾ, ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಮುಂದೆ ಸಾಗುತ್ತಾರೆ. ಏಟಿಗೆ ಮೆತ್ತಗಿನ ಬೆಳ್ಳಿ ಗೀರಿನೊಳಗೆ ಹರಡಿ ಮೂಲೆ ಮೂಲೆ ತುಂಬುತ್ತದೆ. ಮೇಲೆದ್ದಿದ್ದ ದಡಗಳು ಅದರ ಮೇಲೆ ಮಗುಚಿ ಬಿಗಿಹಿಡಿಯುತ್ತವೆ. ಅಂಟಿಲ್ಲ, ಬೆಸುಗೆ ಇಲ್ಲ. ಏಟು ಜೋರಾದರೆ ಕೆಳಗಿನ ಸತು ಬಿರುಕು ಬಿಡುತ್ತದೆ, ಮೆಲ್ಲಗಾದರೆ ತಂತಿ ಮುಂದೊಂದು ದಿನ ಎದ್ದು ಬರುತ್ತದೆ. ಹೂವಿನ ದಳ ತುಂಬುವಾಗ ತಂತಿ ಸಾಲದು. ಬೆಳ್ಳಿಯ ತೆಳು ತಗಡನ್ನು ದಳದ ಆಕಾರಕ್ಕೆ ಕತ್ತರಿಸಿ, ಅಷ್ಟೇ ಅಳತೆಗೆ ತೋಡಿದ ಗುಣಿಯಲ್ಲಿ ಕೂರಿಸಬೇಕು.

ತಂತಿಯ ಕೆಲಸಕ್ಕೆ ತಾರ್‌ಕಶಿ ಎನ್ನುತ್ತಾರೆ. ಆಳವಾಗಿ ತೋಡಿ ತಗಡು ಕೂರಿಸುವುದು ತೆಹ್‌ನಿಶಾನ್. ಬೆಳ್ಳಿ ಮೇಲ್ಮೈಯಿಂದ ಉಬ್ಬಿ ನಿಲ್ಲುವುದು ಜರ್‌ನಿಶಾನ್. ಇವೆಲ್ಲಕ್ಕೂ ತಿರುಗುಮುರುಗು ಅಫ್ತಾಬಿ: ಅಲ್ಲಿ ಮೈತುಂಬ ಬೆಳ್ಳಿ ಹೊದಿಸಿ ಅದರಲ್ಲಿ ಕತ್ತರಿಸಿದ ಕಿಂಡಿಗಳಿಂದ ಕಪ್ಪು ಹೂವುಗಳು ಕಾಣುವಂತೆ ಮಾಡುತ್ತಾರೆ. ಬೆಳ್ಳಿ ಹೆಚ್ಚು ಬೇಡುವ ಕೆಲಸವಾದ್ದರಿಂದ ಈಗಿನ ಬೆಳ್ಳಿ ಧಾರಣೆಯಲ್ಲಿ ಅಫ್ತಾಬಿ ಮಾಡಿಸುವವರು ಧೈರ್ಯವಂತರೇ ಸರಿ.

ಕೂರಿಸುವುದು ಮುಗಿದ ಮೇಲೆ ಮತ್ತೆ ಅರ, ಮತ್ತೆ ಉಜ್ಜು. ಮೈಲುತುತ್ತದ ಕಪ್ಪು ಹೋಗಿ, ಬೆಳ್ಳಿ ಮತ್ತು ಸತು ಒಂದೇ ಮಟ್ಟಕ್ಕೆ ಬರುತ್ತವೆ. ಅಷ್ಟು ಕಷ್ಟಪಟ್ಟು ಬರೆದ ಚಿತ್ರ ಹೆಚ್ಚುಕಡಿಮೆ ಮರೆಯಾಗುವುದು ಇಲ್ಲೇ. ಉತ್ಸವದ ಮಳಿಗೆಯಲ್ಲಿ ಕೈಗೆತ್ತಿಕೊಳ್ಳುವ ಬೂದು ಹೂದಾನಿ ಇಷ್ಟೆಲ್ಲ ದಾಟಿ ಬಂದದ್ದು.

ಕೊನೆಗೆ ಮಣ್ಣು. ಕೋಟೆಯ ಒಳಗೆ ಬಿಸಿಲು ಮಳೆ ಬೀಳದೆ ಬಹುಕಾಲ ಮುಚ್ಚಿದಂತಿದ್ದ ಜಾಗಗಳ ಮಣ್ಣೇ ಆಗಬೇಕು ಎನ್ನುತ್ತಾರೆ ಬಿದ್ರಿಯವರು. ಹಿರಿಯರು ಚಿಟಿಕೆ ಮಣ್ಣನ್ನು ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸುವುದುಂಟು. ಇದು ಬರೀ ನಂಬಿಕೆಯಲ್ಲ. ಹಳೆಯ ಕಟ್ಟಡಗಳ ನೆರಳಿನ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ಲವಣಗಳು ಸೇರಿಕೊಂಡಿರುತ್ತವೆ. ಮಳೆ ಬಿದ್ದಲ್ಲಿ ಅವು ತೊಳೆದುಹೋಗುತ್ತವೆ. ನಾಲಿಗೆ ಹುಡುಕುವುದು ಅದನ್ನೇ. ಈ ಮಣ್ಣಿಗೆ ಕಲಾಯಿಯವರು ಬಳಸುವ ನವಸಾಗರವನ್ನು ಬೆರೆಸಿ ನೀರು ಹಾಕಿದರೆ ರಾಡಿ ಸಿದ್ಧ. ಬೆಚ್ಚಗಿನ ಲೋಹಕ್ಕೆ ಅದು ತಾಗಿದಾಗ ಸತುವಿನಲ್ಲಿ ಅಡಗಿದ್ದ ಸ್ವಲ್ಪ ತಾಮ್ರವೇ ಮೇಲ್ಮೈಯ ಕಪ್ಪಿಗೆ ಕಾರಣವಾಗುತ್ತದೆ. ಬರೀ ಸತುವಿಗೆ ಈ ಗಾಢ ಕಪ್ಪು ಹತ್ತುವುದಿಲ್ಲ. ಮೂಸೆಗೆ ಹಾಕಿದ ಆ ಹದಿನಾರಕ್ಕೊಂದು ಪಾಲಿನ ಲೆಕ್ಕ ಇಲ್ಲಿ ಬಂದು ಸಲ್ಲುತ್ತದೆ. ಬೆಳ್ಳಿ ಈ ಮಣ್ಣಿಗೆ ಜಗ್ಗುವುದಿಲ್ಲ. ತೊಳೆದು ಒಣಗಿಸಿ ಎಣ್ಣೆ ಸವರಿದ ಮೇಲೆ ಕಪ್ಪು ಇನ್ನೂ ಆಳವಾಗುತ್ತದೆ.

ಒಂದು ವಸ್ತುವಿನ ಹಿಂದೆ ಎರಕದವರು, ಅರ ಹಾಕುವವರು, ಬರೆಯುವವರು, ಕೆತ್ತುವವರು, ಬೆಳ್ಳಿ ಕೂರಿಸುವವರು ಹೀಗೆ ಹಲವರಿರುತ್ತಾರೆ. ಎಲ್ಲವನ್ನೂ ಒಬ್ಬರೇ ಬಲ್ಲವರು ಕಡಿಮೆ. ಅಂಥವರಲ್ಲಿ ಒಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು ಕೋಟೆಯಲ್ಲಿ ಉತ್ಸವ ನಡೆದ ಅದೇ 2023ರ ಜನವರಿಯಲ್ಲಿ. ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ 2006ರಲ್ಲೇ ಸಿಕ್ಕಿತ್ತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವೂ ಬಿದ್ರಿಯದೇ ಆಗಿತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಹಳೆಯ ಹುಕ್ಕಾ ಬುಡ, ಪಾನ್‌ದಾನ್‌ಗಳಿವೆ. ಹುಕ್ಕಾ ಸೇದುವವರು ಹೋದರು, ಈಗ ಕಿವಿಯೋಲೆ, ಪೆನ್ ಡ್ರೈವ್ ಮೇಲೂ ಬಿದ್ರಿ ಬಂದಿದೆ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಸಭೆ-ಸಮಾರಂಭದ ಅತಿಥಿಗೆ ಶಾಲಿನ ಜೊತೆ ಒಂದು ಬಿದ್ರಿ ಕಾಣಿಕೆ ಕೊಡುವುದು ಜಿಲ್ಲೆಯ ರೂಢಿಯೇ ಆಗಿದೆ.

ಹೀಗೆ ಮನೆಗೆ ಬಂದ ವಸ್ತುವನ್ನು ಜೋಪಾನ ಮಾಡುವ ಬಗ್ಗೆಯೂ ಒಂದು ಮಾತು. ಸತು ಗಟ್ಟಿಯಾಗಿ ಕಂಡರೂ ಪೆಡಸು ಲೋಹ. ಕಲ್ಲಿನ ನೆಲಕ್ಕೆ ಬಿದ್ದರೆ ನೆಗ್ಗುವುದಿಲ್ಲ, ಒಡೆಯುತ್ತದೆ. ವರ್ಷಗಳು ಕಳೆದಂತೆ ಬೆಳ್ಳಿ ಮಂಕಾದರೆ ಮೆತ್ತನೆ ಬಟ್ಟೆಯಿಂದ ಒರೆಸಿ, ಕಪ್ಪು ಸಪ್ಪೆಯಾದರೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಹಿತ್ತಾಳೆ ಪಾತ್ರೆಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದರೆ ಮಾತ್ರ ಕೋಟೆಯ ಮಣ್ಣು ಕೊಟ್ಟ ಕಪ್ಪೆಲ್ಲ ಎದ್ದುಹೋಗುತ್ತದೆ, ಆಮೇಲೆ ಅದನ್ನು ಹೊತ್ತುಕೊಂಡು ಬೀದರಿಗೇ ಬರಬೇಕು.